ಚೀಲದೊಳಗಿನ ಅಮ್ಮನ ಸೀರೆ

ನಮ್ಮ ಅತ್ತೆ ಕಾಣೆಯಾಗಿದ್ದು ಕಳೆದ ಶ್ರಾವಣದ ಒಂದು ಶುಕ್ರವಾರ. ಗಂಗಮ್ಮನನ್ನು ನಂಬಿರುವ ನಿಮಗೆಲ್ಲ ಅದನ್ನು ಹೇಳದೆ ಇದ್ದರೆ ನನಗೆ ಊಟ ಸೇರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಹೆಚ್ಚು ಓದಿದವಳಲ್ಲ. ಹೊಲಿಗೆ ಮಿಷನ್ ತುಳಿಯುವ ಕಾಲು ಚುರುಕು, ಬರೆಯುವ ಕೈ ನಿಧಾನ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಚಾಂಪಿಯನ್ ರೀಫ್ಸ್‌ನ ಗಣಿ ಕೆಲಸದವರಿಗೆ ಸಾಲಾಗಿ ಕಟ್ಟಿದ ಲೈನ್ ಮನೆಯಲ್ಲಿ ಇರುವುದು ನಾನು, ಅತ್ತೆ ಇಬ್ಬರೇ. ಮಾವ ಚಿನ್ನದ ಗಣಿಯಲ್ಲಿ ಕೆಲಸ ಮಾಡಿದವರು, ನಾನು ಸೊಸೆಯಾಗಿ ಬರುವ ಮುಂಚೆಯೇ ತೀರಿಕೊಂಡಿದ್ದರು. ನನ್ನ ಯಜಮಾನರು ಕಾಮಾಲೆಯಾಗಿ ಹೋದರು. ಮಕ್ಕಳಿಲ್ಲ. ತವರು ಬಂಗಾರಪೇಟೆ ಕಡೆಯ ಹಳ್ಳಿ. ಯಜಮಾನರ ತಿಥಿ ಮುಗಿದ ಮೇಲೆ ಅಣ್ಣ ಬಂದು ಕೂತು, "ನೀನು ಮನೆಗೆ ಬಾರಮ್ಮ. ಆವಮ್ಮನ್ನ ಎಲ್ಲಾದ್ರೂ ಆಶ್ರಮಕ್ಕೆ ಸೇರ್ಸಾನ. ಆವಮ್ಮ ಏನು ನಿನ್ನ ಎತ್ತೋಳಾ?" ಅಂದ.

"ಎತ್ತೋಳಲ್ಲಣ್ಣ. ಆದ್ರೆ ನಂಗೆ ಅಂತ ಇರೋಳು ಆವಮ್ಮ ಒಬ್ಳೇ" ಅಂದೆ.

ಅಣ್ಣ ಕಾಫಿ ಕುಡಿದು ಎದ್ದು ಹೋದ. ಆಮೇಲೆ ಅವನ ಫೋನೂ ಕಡಿಮೆಯಾಯಿತು.

ನನ್ನ ಕಸುಬು ಚೀಲ ಹೊಲಿಯುವುದು. ಹೊಸ ಬಟ್ಟೆ ತಂದು ಹೊಲಿಯುವವಳಲ್ಲ. ಆಂಡರ್ಸನ್‌ಪೇಟೆಯ ಟೈಲರ್ ಅಂಗಡಿಗಳಲ್ಲಿ ಉಳಿದ ತುಂಡುಗಳು, ಲೈನಿನ ಹೆಂಗಸರು ಕೊಡುವ ಹಳೇ ಸೀರೆ, ಮೊಣಕಾಲಲ್ಲಿ ಹರಿದ ಜೀನ್ಸ್ ಪ್ಯಾಂಟು, ಬಣ್ಣ ಹೋದ ಕಿಟಕಿ ಪರದೆ, ಎಲ್ಲವನ್ನೂ ಒಗೆದು, ಇಸ್ತ್ರಿ ಹಾಕಿ, ಚೆನ್ನಾಗಿರುವ ಜಾಗ ನೋಡಿ ಕತ್ತರಿಸುತ್ತೇನೆ. ಪ್ಯಾಂಟಿನ ಬಟ್ಟೆ ಹೊರಗೆ, ಸೀರೆ ಒಳಗಿನ ಅಸ್ತರಿಗೆ, ಸೊಂಟದ ಪಟ್ಟಿ ಚೀಲದ ಹಿಡಿಗೆ. ಎಷ್ಟು ಭಾರ ಹಾಕಿದರೂ ನನ್ನ ಚೀಲದ ಹಿಡಿ ಕಿತ್ತು ಬರುವುದಿಲ್ಲ. ಇದನ್ನು ಜಂಬದಿಂದಲೇ ಹೇಳುತ್ತೇನೆ, ಗಂಗಮ್ಮ ಬೇಕಾದರೆ ಬೈಯಲಿ.

ಪ್ರತಿ ಶುಕ್ರವಾರ ಬೆಳಗಿನ ರೈಲಿಗೆ ಬಂಗಾರಪೇಟೆಗೆ ಹೋಗಿ ಸ್ಟೇಷನ್ ರಸ್ತೆಯಲ್ಲಿ, ಹೂವು ಮಾರುವ ಮುನಿಯಮ್ಮನ ಪಕ್ಕದಲ್ಲಿ ಗೋಣಿತಾಟು ಹಾಸಿಕೊಂಡು ಕೂರುತ್ತೇನೆ.

ಇಲ್ಲಿ ಒಂದು ಮುಖ್ಯವಾದ ಸಂಗತಿ ಹೇಳಬೇಕು. ಇಲ್ಲೇ ನಂದಿದುರ್ಗ ಗಣಿಯ ಕಡೆ ನಮ್ಮ ಗಂಗಮ್ಮನ ಗುಡಿ ಇದೆಯಲ್ಲ, ಅಲ್ಲಿ ಹರಕೆಗೆ ಬರುವ ಸೀರೆಗಳನ್ನು ಅಮ್ಮನಿಗೆ ಉಡಿಸುತ್ತಾರೆ. ಉಡಿಸಿ ಉಡಿಸಿ ಎಣ್ಣೆ, ಕುಂಕುಮ ಹತ್ತಿ ಹರಿದವನ್ನು ಎಸೆಯುವಂತಿಲ್ಲ, ತುಳಿಯುವಂತಿಲ್ಲ. ಗುಡಿಯ ಹಿಂದಿನ ಕೋಣೆಯಲ್ಲಿ ಅವು ಗಂಟು ಗಂಟಾಗಿ ಬಿದ್ದಿದ್ದವು. ಒಂದು ದಿನ ಪೂಜಾರಿ ತಾತ ನನ್ನನ್ನು ಕರೆದು, "ಇಲಿ ಪಾಲಾಗಾದಕ್ಕಿಂತ ನಿನ್ ಕೈಗೆ ಓಗ್ಲಿ ಕಣಮ್ಮ. ಕಾಲೊರೆಸಾಕೆ ಮಾತ್ರ ಮಾಡ್ಬ್ಯಾಡ. ಅಕ್ಕಿ, ಕಾಯಿ, ಹೂವು ಓರಾ ಚೀಲಕ್ಕಾದ್ರೆ ಅಮ್ಮಂಗೂ ಸಂತೋಸ" ಅಂದರು. ಅವತ್ತಿನಿಂದ ನಾನು ಹೊಲಿಯುವ ಪ್ರತಿ ಚೀಲದ ಒಳಗೆ, ಬಾಯಿಯ ಹತ್ತಿರ, ಅಮ್ಮನ ಸೀರೆಯ ಅಂಗೈ ಅಗಲದ ತುಂಡೊಂದನ್ನು ಹೊಲಿಯುತ್ತೇನೆ. ಕೊಳ್ಳುವವರಿಗೆ ಹೇಳಿಯೇ ಕೊಡುತ್ತೇನೆ: "ಇದು ಅಮ್ಮನ ಸೀರೆ. ಈ ಚೀಲದಾಗೆ ಚಪ್ಪಲಿ ಇಡಬ್ಯಾಡಿ." ಒಮ್ಮೆ ಒಬ್ಬ ಹೆಂಗಸು ಚೀಲ ಕೊಂಡು, ಅಲ್ಲೇ ನನ್ನ ಕಣ್ಣೆದುರಿಗೇ ಕಿತ್ತುಹೋದ ಚಪ್ಪಲಿ ತೆಗೆದು ಅದರೊಳಗೆ ಇಟ್ಟಳು. ನಾನು ರಸ್ತೆಯಲ್ಲೇ ಅವಳಿಗೆ ಗ್ರಹಚಾರ ಬಿಡಿಸಿದ್ದೆ. ಇದನ್ನು ನೆನಪಿಟ್ಟುಕೊಳ್ಳಿ.

ಮೊದಲು ಹೊಲಿದ ಚೀಲ ಅತ್ತೆಗೇ ಕೊಟ್ಟಿದ್ದೆ. ನೀಲಿ ಜೀನ್ಸ್, ಒಳಗೆ ಅಮ್ಮನ ಕೆಂಪು ರೇಷ್ಮೆಯ ತುಂಡು. ಅತ್ತೆ ಅದನ್ನು ರಾತ್ರಿ ತಲೆದಿಂಬಿನ ಹಾಗೆ ಇಟ್ಟುಕೊಂಡು ಮಲಗುತ್ತಿದ್ದರು.

ಆಮೇಲೆ ಅತ್ತೆಗೆ ಮರೆವು ಬಂತು. ಮೊದಲು ಉಪ್ಪು ಹಾಕಿದ್ದು ಮರೆತರು, ಆಮೇಲೆ ಮಗ ಸತ್ತಿದ್ದು ಮರೆತರು, ಕೊನೆಗೆ ನನ್ನನ್ನೇ ಮರೆತರು. ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದಾಗ ಡಾಕ್ಟರಮ್ಮ, "ಇದು ವಾಸಿಯಾಗೋ ಕಾಯಿಲೆ ಅಲ್ಲಮ್ಮ. ಹುಷಾರಾಗಿ ನೋಡ್ಕೊಳ್ಳಿ, ಅಷ್ಟೇ" ಅಂದರು. ಮನೆಗೆ ಬಂದ ಮೇಲೆ ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಾರವ್ವಾ ನೀನು? ಒಲಿಯಾಕೆ ಬಂದಿದ್ದೀಯಾ? ಒತ್ತಾಯ್ತು, ನಿಮ್ಮನೆಗೆ ಓಗಲ್ವಾ?" ಅಂದರು. ದಿನಾ ಸಂಜೆ ಅದೇ ಪ್ರಶ್ನೆ. ನನ್ನನ್ನು ಕರೆಯುತ್ತಿದ್ದದ್ದು "ಮಿಷನ್ನಮ್ಮ" ಅಂತ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ಸೊಸೆಯ ಕಾಲ ಬಂದಾಗ ಅತ್ತೆಗೆ ಸೊಸೆಯೇ ಗೊತ್ತಿಲ್ಲ, ಇನ್ನು ಯಾರ ಮೇಲೆ ದರ್ಬಾರು ಮಾಡಲಿ?

ನಗುತ್ತಾ ಬರೆದೆ, ಆದರೆ ಆ ದಿನಗಳಲ್ಲಿ ನಗು ಬರುತ್ತಿರಲಿಲ್ಲ. ಮನೆಯಲ್ಲಿ ಒಬ್ಬರಿದ್ದೂ ಯಾರೂ ಇಲ್ಲದ ಹಾಗೆ ಇರುವುದು ಎಷ್ಟು ಕಷ್ಟ ಅಂತ ಅನುಭವಿಸಿದವರಿಗೇ ಗೊತ್ತು. ಮಿಷನ್ ನಿಲ್ಲಿಸಿದರೆ ಮನೆಯೆಲ್ಲ ಮೌನವಾಗುತ್ತಿತ್ತು. ಅದಕ್ಕೇ ನಿಲ್ಲಿಸುತ್ತಲೇ ಇರಲಿಲ್ಲ.

ಅತ್ತೆಗೆ ಇನ್ನೊಂದು ಅಭ್ಯಾಸ ಇತ್ತು. ಗಣಿ ನಡೆಯುತ್ತಿದ್ದಾಗ ಸೈರನ್ ಕೂಗಿದರೆ ಮಾವನಿಗೆ ಬುತ್ತಿ ತೆಗೆದುಕೊಂಡು ಗಣಿಯೊಳಗೆ ಇಳಿಯುವ ಶಾಫ್ಟಿನ ಗೇಟಿಗೆ ಓಡುತ್ತಿದ್ದರಂತೆ. ಗಣಿ ಮುಚ್ಚಿ ಎಷ್ಟೋ ವರ್ಷವಾಯಿತು, ಈಗ ಸೈರನ್ ಎಲ್ಲಿಂದ ಬರಬೇಕು? ಆದರೆ ರೈಲು ಕೂಗಿದರೆ ಅತ್ತೆಗೆ ಅದೇ ಸೈರನ್. ಖಾಲಿ ಡಬ್ಬಿ ಹಿಡಿದು ಹಳೇ ಶಾಫ್ಟಿನ ಬೇಲಿಯ ಹತ್ತಿರ ಹೋಗಿ ನಿಲ್ಲುತ್ತಿದ್ದರು. ಯಾರಾದರೂ ಕೈ ಹಿಡಿದು ಕರೆತರುತ್ತಿದ್ದರು. ಆ ಕಡೆ ಬೇಲಿ ಮುರಿದ ಗುಂಡಿಗಳು ಎಷ್ಟಿವೆ ಅಂತ ಇಲ್ಲಿಯವರಿಗೆ ನಾನು ಹೇಳಬೇಕಾಗಿಲ್ಲ.

ಆ ಶುಕ್ರವಾರ ಅತ್ತೆಯ ಊಟಕ್ಕೆ ಮುದ್ದೆ, ಸೊಪ್ಪಿನ ಸಾರು ಮಾಡಿಟ್ಟು, ಪಕ್ಕದ ಮನೆಯ ಸೆಲ್ವಿಯಕ್ಕನಿಗೆ ನೋಡಿಕೊಳ್ಳಿ ಅಂತ ಹೇಳಿ ನಾನು ಬಂಗಾರಪೇಟೆಗೆ ಹೋದೆ. ಮಧ್ಯಾಹ್ನದ ಹೊತ್ತಿಗೆ ಸೆಲ್ವಿಯಕ್ಕನ ಫೋನು ಬಂತು. ಅಳುತ್ತಿದ್ದಳು. ಅವಳು ತಮಿಳಿನವಳು, ಅತ್ತೆಯನ್ನು ಪಾಟಿ, ಅಂದರೆ ಅಜ್ಜಿ, ಅಂತ ಕರೆಯುತ್ತಾಳೆ. "ಐಯೋ ರತ್ನಾ, ಪಾಟಿ ಕಾಣ್ತಿಲ್ಲಮ್ಮಾ! ನೀರು ಬಂತು ಅಂತ ಕೊಡ ಇಡಕ್ಕೆ ಓಗಿದ್ದೆ. ಬಂದು ನೋಡಿದ್ರೆ ಬಾಗಿಲು ತೆರ್ದಿತ್ತು. ಚೀಲಾನೂ ಇಲ್ಲ, ಡಬ್ಬೀನೂ ಇಲ್ಲ."

ಚೀಲಗಳ ಗಂಟನ್ನು ಮುನಿಯಮ್ಮನ ಮುಂದೆ ಹಾಗೇ ಬಿಟ್ಟು ಬಸ್ ಹತ್ತಿದೆ. ದಾರಿಯುದ್ದಕ್ಕೂ ಕಣ್ಣ ಮುಂದೆ ಶಾಫ್ಟಿನ ಬಾಯಿಯೇ. ಡಬ್ಬಿ ತೆಗೆದುಕೊಂಡು ಹೋಗಿದ್ದಾರೆ ಅಂದರೆ ಮತ್ತೆಲ್ಲಿಗೆ ಹೋಗುತ್ತಾರೆ? ಲೈನಿನವರೆಲ್ಲ ಅದನ್ನೇ ಹೇಳಿದರು. ಬೇಲಿಗಳ ಉದ್ದಕ್ಕೂ, ಚಿನ್ನ ತೆಗೆದು ಬಿಟ್ಟ ಮಣ್ಣಿನ ಸೈನೈಡ್ ದಿಬ್ಬದ ಹಿಂದೆ, ಪಾಳು ಬಿದ್ದ ಕ್ವಾರ್ಟರ್ಸ್‌ಗಳಲ್ಲಿ ಕೂಗುತ್ತಾ ಅಲೆದೆವು. ಒಂದು ಗುಂಡಿಯ ಅಂಚಿನಲ್ಲಿ ನಿಂತು "ಅತ್ತೇ" ಅಂತ ಕೂಗಿದೆ. ಒಳಗಿಂದ ನನ್ನ ಧ್ವನಿಯೇ ವಾಪಸ್ ಬಂತು. ಆ ಧ್ವನಿ ಈಗಲೂ ಕಿವಿಯಲ್ಲಿದೆ. ಪೊಲೀಸ್ ಸ್ಟೇಷನ್ನಿಗೂ ಹೋದೆವು, ಫೋಟೋ ಇಸಿದುಕೊಂಡರು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಗುಡಿಗೆ ಹೋದೆ. ಶ್ರಾವಣ ಶುಕ್ರವಾರ, ಜನ ತುಂಬಿದ್ದರು. ಎಲ್ಲರೂ ಮಕ್ಕಳುಮರಿಗಳ ಜೊತೆ ಬಂದಿದ್ದರು. ನಾನು ಕಂಬಕ್ಕೆ ಒರಗಿ ನಿಂತು ಅಮ್ಮನ ಜೊತೆ ಜಗಳ ತೆಗೆದೆ. ಬೇಡಿಕೊಳ್ಳುವುದು ನನಗೆ ಬರುವುದಿಲ್ಲ, ಜಗಳವೇ ನನ್ನ ಪ್ರಾರ್ಥನೆ. "ಗಂಡನ್ನ ಕರ್ಕೊಂಡೆ, ಸುಮ್ನಿದ್ದೆ. ಮಗು ಕೊಡಲಿಲ್ಲ, ಸುಮ್ನಿದ್ದೆ. ಊಟ ಆಯ್ತಾ ಅಂತ ಕೇಳೋರು ಒಬ್ರೂ ಇಲ್ದಂಗೆ ಮಾಡಿದ್ದೀಯಲ್ಲ, ಇದ್ಯಾವ ನ್ಯಾಯ? ಆವಮ್ಮಂಗೆ ನಾನು ಯಾರು ಅಂತ ಗೊತ್ತಿಲ್ದಿದ್ರೂ ಪರವಾಗಿಲ್ಲ, ಮನೇಲಿರ್ಲಿ ಸಾಕು" ಅಂದೆ. ಅಷ್ಟರಲ್ಲಿ ಅಮ್ಮನ ಕೆಂಪು ಸೀರೆ ಕಣ್ಣಿಗೆ ಬಿತ್ತು. "ನಿನ್ ಸೀರೆ ತುಂಡು ಆವಮ್ಮನ ಎಗಲ ಮೇಲೈತೆ. ನಾನು ಜೊತೇಲಿಲ್ಲ, ನೀನಾದ್ರೂ ಇರು ತಾಯಿ" ಅಂದೆ. ಪೂಜಾರಿ ತಾತ ನನ್ನ ಕೈಗೆ ಕುಂಕುಮ ಹಾಕಿ, ಮುಷ್ಟಿ ಮುಚ್ಚಿಸಿದರು.

ಆ ರಾತ್ರಿಯ ಬಗ್ಗೆ ಬರೆಯುವುದಿಲ್ಲ. ಬೆಳಿಗ್ಗೆ ಎದ್ದು ಮತ್ತೆ ಬೇಲಿಗಳ ಕಡೆಗೇ ಹೊರಟೆ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಅನ್ನುತ್ತಾರಲ್ಲ, ನಾನು ಮಾಡಿದ್ದೂ ಹೆಚ್ಚುಕಡಿಮೆ ಅದನ್ನೇ.

ಬಿಸಿಲೇರುವ ಹೊತ್ತಿಗೆ ಹೂವಿನ ಮುನಿಯಮ್ಮನ ಫೋನು. "ಅಕ್ಕಾ, ಬೇಗ ಬಾ. ನಿಮ್ಮತ್ತೆ ನಿನ್ ಜಾಗದಾಗೆ ಕುಂತವ್ರೆ. ಏಳವ್ವಾ ಅಂದ್ರೆ ಏಳ್ತಿಲ್ಲ."

ನಡೆದದ್ದನ್ನು ಆಮೇಲೆ ತಿಳಿದೆ. ಅತ್ತೆ ಶಾಫ್ಟಿನ ಕಡೆ ಹೋಗಿಯೇ ಇರಲಿಲ್ಲ. ಚಾಂಪಿಯನ್ ಸ್ಟೇಷನ್ನಿನಲ್ಲಿ ರೈಲು ಹತ್ತಿ ಬಂಗಾರಪೇಟೆಯಲ್ಲಿ ಇಳಿದಿದ್ದರು. ನಾನು ಬಸ್ಸಿನಲ್ಲಿ ಈ ಕಡೆ ಬರುವಾಗ ಅವರು ರೈಲಿನಲ್ಲಿ ಆ ಕಡೆ. ಸ್ಟೇಷನ್ನಿನ ಹಿಂದಿನ ಬಾಗಿಲಿಂದ ಹೊರಗೆ ಹೋಗಿ, ದಾರಿ ತಪ್ಪಿ, ಒಂದು ಹಳ್ಳಿಯವರೆಗೆ ನಡೆದು ಅಲ್ಲಿಯ ಹಾಲಿನ ಡೈರಿ ಕಟ್ಟೆಯ ಮೇಲೆ ಮಲಗಿದ್ದರು. ಬೆಳಿಗ್ಗೆ ಹಾಲು ಹಾಕಲು ಬಂದವರು ಕನ್ನಡದಲ್ಲಿ ಕೇಳಿದರು, ತೆಲುಗಿನಲ್ಲಿ ಕೇಳಿದರು. ಹೆಸರಿಲ್ಲ, ಊರಿಲ್ಲ. ಚೀಲವನ್ನು ಮಾತ್ರ ಎದೆಗವುಚಿಕೊಂಡು ಯಾರಿಗೂ ಮುಟ್ಟಗೊಡಲಿಲ್ಲ. ಅಷ್ಟರಲ್ಲಿ ಕ್ಯಾನು ಹಿಡಿದು ಬಂದ ಪಾರ್ವತಮ್ಮ ಅನ್ನುವ ಹೆಂಗಸು ಚೀಲದ ಬಾಯಲ್ಲಿದ್ದ ಕೆಂಪು ತುಂಡು ನೋಡಿ, "ಅಯ್ಯೋ, ಇದು ಆ ಜಗಳಗಂಟಿ ಚೀಲದಮ್ಮಂದು!" ಅಂದಳಂತೆ.

ಹೌದು, ಚಪ್ಪಲಿ ಇಟ್ಟು ನನ್ನಿಂದ ಬೈಸಿಕೊಂಡ ಆ ಹೆಂಗಸೇ. ಬೈಗುಳ ಮರೆತಿರಲಿಲ್ಲ, ಜಾಗವೂ ಮರೆತಿರಲಿಲ್ಲ. ಹಾಲು ಹಾಕಿ, ಮನೆ ಕೆಲಸ ಬಿಟ್ಟು, ಅತ್ತೆಯನ್ನು ಆಟೋದಲ್ಲಿ ಕೂರಿಸಿಕೊಂಡು ನೇರವಾಗಿ ಸ್ಟೇಷನ್ ರಸ್ತೆಗೆ ಬಂದಳು. ನಾನು ಬಿಟ್ಟುಹೋದ ಚೀಲಗಳನ್ನು ಮುನಿಯಮ್ಮ ಅವತ್ತು ನನ್ನ ಗೋಣಿತಾಟಿನ ಮೇಲೆ ಹರಡಿಟ್ಟಿದ್ದಳು, ಪಾಪ, ಒಂದೆರಡಾದರೂ ಮಾರಿ ಕೊಡೋಣ ಅಂತ. ಅವನ್ನು ಕಂಡ ಕೂಡಲೇ ಅತ್ತೆ ಆಟೋ ಇಳಿದು, ಅವುಗಳ ನಡುವೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರಂತೆ.

ನಾನು ಓಡುತ್ತಾ ಬಂದಾಗ ಹಾಗೆಯೇ ಕೂತಿದ್ದರು. ತುಟಿ ಒಣಗಿತ್ತು, ಕಾಲಿನಲ್ಲಿ ಬೊಬ್ಬೆ. ಪಾರ್ವತಮ್ಮ ತಿನ್ನಲು ತಂದಿಟ್ಟ ಇಡ್ಲಿ ಮುಟ್ಟಿರಲಿಲ್ಲ. ನಾನು ಮುಂದೆ ಕೂತು ಕೈ ಹಿಡಿದೆ. "ಯಾರವ್ವಾ ನೀನು" ಅನ್ನುತ್ತಾರೆ ಅಂತ ಕಾದೆ. ಅವರು ನನ್ನ ಮುಖವನ್ನು ನೋಡಿದರು.

"ಎಲ್ಲೋಗಿದ್ದೆ ರತ್ನಾ? ಊಟ ಬಿಟ್ಟು ಬಂದ್ಬಿಟ್ಟಿದ್ದೀಯಲ್ಲವ್ವ. ಆರೋಯ್ತು ನೋಡು" ಅಂದರು.

ಚೀಲದಿಂದ ಡಬ್ಬಿ ತೆಗೆದು ನನ್ನ ಮುಂದೆ ಇಟ್ಟರು. ಅದರೊಳಗೆ ಹಿಂದಿನ ದಿನ ಅವರಿಗೆ ಅಂತ ನಾನು ಮಾಡಿಟ್ಟಿದ್ದ ಮುದ್ದೆ, ಸಾರು. ಒಂದು ತುತ್ತೂ ಮುರಿದಿರಲಿಲ್ಲ. ಮಾವನ ಬುತ್ತಿಯಲ್ಲ ಅದು, ನನ್ನದು. ನಾವೆಲ್ಲ ಶಾಫ್ಟಿನ ಬಾಯಲ್ಲಿ ಹುಡುಕುತ್ತಿದ್ದಾಗ ಆ ಜೀವ ಹಸಿದುಕೊಂಡು, ಕಾಲು ಸುಟ್ಟುಕೊಂಡು, ನನಗೆ ಊಟ ಕೊಡಲು ನನ್ನನ್ನು ಹುಡುಕುತ್ತಿತ್ತು.

ಊಟ ಆಯ್ತಾ ಅಂತ ಕೇಳೋರಿಲ್ಲ ಅಂತ ಗುಡಿಯಲ್ಲಿ ಜಗಳ ಆಡಿದ್ದೆ. ನಾನು ಜಗಳ ಆಡುವ ಮುಂಚೆಯೇ ಅಮ್ಮ ಉತ್ತರವನ್ನು ರೈಲು ಹತ್ತಿಸಿ ಕಳಿಸಿದ್ದಳು. ಮುದ್ದೆ ಹಳಸಿತ್ತು. ಆದರೂ ಒಂದು ತುತ್ತು ಮುರಿದು ಕಣ್ಣಿಗೊತ್ತಿಕೊಂಡು ತಿಂದೆ. ಮುನಿಯಮ್ಮ ಬೇಡ ಬೇಡ ಅಂದಳು. ಪ್ರಸಾದ ಹಳಸಿದ್ದರೂ ಪ್ರಸಾದವೇ.

ಅತ್ತೆಗೆ ಆಸ್ಪತ್ರೆಯಲ್ಲಿ ಗ್ಲೂಕೋಸ್ ಹಾಕಿಸಿ ಸಂಜೆ ಮನೆಗೆ ಕರೆತಂದೆ. ಮನೆಯಲ್ಲಿ ಕಾಲಿಗೆ ಎಣ್ಣೆ ಹಚ್ಚುತ್ತಿದ್ದಾಗ ಮತ್ತೆ, "ಯಾರವ್ವಾ ನೀನು? ಒತ್ತಾಯ್ತು, ಓಗಲ್ವಾ?" ಅಂದರು. ಮರೆವು ವಾಸಿಯಾಯಿತು ಅಂತ ಬರೆದರೆ ಅಮ್ಮನ ಹೆಸರಿನಲ್ಲಿ ಸುಳ್ಳು ಬರೆದಂತೆ. ವಾಸಿಯಾಗಿಲ್ಲ. ಈಗ ಆ ಚೀಲದೊಳಗೆ, ಅಮ್ಮನ ಸೀರೆಯ ತುಂಡಿನ ಕೆಳಗೆ, ನನ್ನ ಫೋನ್ ನಂಬರನ್ನು ದಾರದಲ್ಲಿ ಹೊಲಿದಿದ್ದೇನೆ. ಭಕ್ತಿ ಇದ್ದ ಕಡೆ ಸ್ವಲ್ಪ ಬುದ್ಧಿಯೂ ಇರಲಿ. ಪಾರ್ವತಮ್ಮನಿಗೆ ಒಂದು ಹೊಸ ಚೀಲ ಹೊಲಿದು ಕೊಟ್ಟೆ. "ಇದ್ರಾಗೂ ಚಪ್ಪಲಿ ಇಡಂಗಿಲ್ವೇನಕ್ಕಾ?" ಅಂತ ಕಿಚಾಯಿಸಿದಳು.

ಅತ್ತೆಯನ್ನು ಈಗ ಶುಕ್ರವಾರ ನನ್ನ ಜೊತೆಗೇ ಕರೆದುಕೊಂಡು ಹೋಗುತ್ತೇನೆ. ಮಡಿಲಲ್ಲಿ ಬುತ್ತಿಯ ಚೀಲ ಇಟ್ಟುಕೊಂಡು ಗೋಣಿತಾಟಿನ ಮೇಲೆ ಕೂರುತ್ತಾರೆ. ನಾನು ಎಷ್ಟು ಸಲ ಊಟಕ್ಕೆ ಕರೆದರೂ ಡಬ್ಬಿ ತೆಗೆಯಲು ಬಿಡುವುದಿಲ್ಲ. ಯಾರಾದರೂ ಬಂದು ಚೀಲದ ಬೆಲೆ ಕೇಳಿದರೆ, "ಇರವ್ವ, ನನ್ ಸೊಸೆ ಬತ್ತಾಳೆ, ಅವಳನ್ನೇ ಕೇಳು. ಪಾಪ, ಇನ್ನೂ ಉಂಡಿಲ್ಲ ಅವ್ಳು" ಅನ್ನುತ್ತಾರೆ.

ನಾನು ಪಕ್ಕದಲ್ಲೇ ಕೂತಿರುತ್ತೇನೆ. ಅಮ್ಮಾ ಗಂಗಮ್ಮ, ನನಗಾಗಿ ಕಾಯುವವರು ಒಬ್ಬರಿದ್ದಾರೆ.