ಓರಗಿತ್ತಿಯ ಚಿಮಟ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ರಿಪೇರಿ ಅಂಗಡಿಯ ಶಟರು ಅರ್ಧ ಮೇಲೆದ್ದಿದೆ. ದೀಪದ ಕೆಳಗೆ ದೊಡ್ಡಕ್ಕ ವಾಷಿಂಗ್ ಮಶೀನಿನ ಬೋರ್ಡಿನ ಮೇಲೆ ಬಗ್ಗಿದ್ದಾರೆ. ಎಡಗೈಯಲ್ಲಿ ಅಳತೆಯ ಚಿಮಟ. ಎಳ್ಳಿಗಿಂತ ಚಿಕ್ಕ ಕೆಪಾಸಿಟರನ್ನು ಬೋರ್ಡಿನಿಂದ ಕೀಳದೆ ಇದ್ದಲ್ಲೇ ಚಿಮಟದ ತುದಿಗಳಿಂದ ಹಿಡಿದರೆ, ಹಿಡಿಯ ಮೇಲಿನ ಪುಟ್ಟ ಪರದೆಯಲ್ಲಿ ಅಂಕಿ ಮೂಡುತ್ತದೆ. ಒಂದು ಸರಿ, ಇನ್ನೊಂದೂ ಸರಿ. ಮುಂದಿನದರ ಅಂಕಿ ತಪ್ಪಿದೆ, ಅವರ ಕೈ ನಿಲ್ಲುತ್ತದೆ.

"ಸಿಕ್ಕಿಬಿದ್ಯಾ ಕಳ್ಳ."

ಕಳ್ಳತನ ಅವರದ್ದೂ ಇದೆ. ಚಿಮಟ ಅವರದ್ದಲ್ಲ, ಓರಗಿತ್ತಿಯದು. ಹಗಲಲ್ಲಿ ಅವರು ಅದನ್ನು ಮುಟ್ಟುವುದಿಲ್ಲ. "ಹುಬ್ಬು ಕೀಳೋ ಚಿಮಟ" ಎಂದು ಗಿರಾಕಿಗಳ ಎದುರೇ ಆಡಿಕೊಳ್ಳುತ್ತಾರೆ.

ಗಂಡನ ಸೊಂಟ ಕೈಕೊಟ್ಟ ಮೇಲೆ ದೊಡ್ಡಕ್ಕ ಬೆಂಚಿಗೆ ಕೂತವರು. ಬಿಡಿಭಾಗದ ಒಂದು ಕಡೆಯ ಬೆಸುಗೆ ಕರಗಿಸಿ, ಎತ್ತಿ, ಮೀಟರು ಹಿಡಿದು, ಮತ್ತೆ ಬೆಸೆಯುವುದು ಅವರು ಕಲಿತ ದಾರಿ. ಎತ್ತುವಾಗ ಎಷ್ಟೋ ಚೂರುಗಳು ಹಾರಿ ನೆಲದ ಪಾಲಾಗಿವೆ. ಬೆರಳ ತುದಿಗಳು ಸುಟ್ಟು ಗಟ್ಟಿಯಾಗಿವೆ. ದಿನಕ್ಕೆ ಮೂರು ನಾಲ್ಕು ಬೋರ್ಡು ಮುಗಿದರೆ ಹೆಚ್ಚು. ಮೈದುನನ ಹೆಂಡತಿ ಸಣ್ಣಕ್ಕ ಈ ಚಿಮಟ ತಂದ ಮೇಲೆ ಆಕೆಯ ಕಡೆ ಏಳೆಂಟು ಮುಗಿಯುತ್ತವೆ. ಬಂದವರೆಲ್ಲ ಈಗ ಕೇಳುವುದು, "ಸಣ್ಣಕ್ಕ ಇಲ್ವಾ?"

"ನಾನೇನು ಇಲ್ಲಿ ಸೊಳ್ಳೆ ಹೊಡೀತಾ ಕೂತಿದೀನಾ?" ಎನ್ನುತ್ತಾರೆ ದೊಡ್ಡಕ್ಕ. ಹೊಟ್ಟೆಕಿಚ್ಚೇ ಎಂದು ಯಾರಾದರೂ ಕೇಳಿದರೆ ಮುಚ್ಚಿಡುವುದಿಲ್ಲ. "ಇರುತ್ತಪ್ಪ. ಅವಳು ಸರಿ ಮಾಡಿದ ಮಶೀನು ವಾಪಸ್ ಬಂದ್ರೆ ಅವತ್ತು ನಂಗೆ ಊಟ ಎರಡು ತುತ್ತು ಜಾಸ್ತಿ ಸೇರುತ್ತೆ."

ದೊಡ್ಡಕ್ಕ ಎಡಚಿ. ಎಡಗೈಯಲ್ಲಿ ಹಿಡಿದರೆ ಪರದೆಯ ಅಂಕಿ ತಲೆಕೆಳಗೆ ಕಾಣುತ್ತದೆ. ಹಾಗಾಗಿ ದಿನಾ ನಸುಕಿನಲ್ಲಿ ಗುಂಡಿ ಒತ್ತಿ ಅಂಕಿಯನ್ನು ತಮ್ಮ ಕಡೆಗೆ ತಿರುಗಿಸಿಕೊಳ್ಳುತ್ತಾರೆ, ಡಬ್ಬಿಗೆ ಹಾಕುವ ಮುಂಚೆ ಮತ್ತೆ ಮೊದಲಿನಂತೆ ಮಾಡುತ್ತಾರೆ. ಇವತ್ತು ಅಷ್ಟರಲ್ಲಿ ಯಾರೋ ಶಟರು ಬಡಿಯುತ್ತಾರೆ. ಗಾಬರಿಯಲ್ಲಿ ಚಿಮಟ ಹಾಗೇ ಡಬ್ಬಿ ಸೇರುತ್ತದೆ.

ಸಣ್ಣಕ್ಕ ಬಂದು, ಬಲಗೈಯಲ್ಲಿ ಚಿಮಟ ಹಿಡಿದು ಬೋರ್ಡಿಗೆ ತಾಗಿಸುತ್ತಾರೆ. ಅಂಕಿ ಬುಡಮೇಲು. ಅಂಗಡಿಯಲ್ಲಿ ಎಡಗೈಯವರು ಒಬ್ಬರೇ. ಸಣ್ಣಕ್ಕ ತಲೆ ಎತ್ತುತ್ತಾರೆ, ದೊಡ್ಡಕ್ಕ ಸ್ಕ್ರೂ ಹುಡುಕುವವರಂತೆ ಬೆಂಚಿನಡಿ ಬಗ್ಗುತ್ತಾರೆ.

"ಕೆಟ್ಟೋಯ್ತಾ?" ಕಾಯುತ್ತಿದ್ದ ಗಿರಾಕಿ ಕೇಳುತ್ತಾನೆ.

"ಇಲ್ಲ. ಯಾರೋ ಹುಬ್ಬು ಕೀಳೋಕೆ ತಗೊಂಡಿದ್ರು."

ಗಿರಾಕಿಗೆ ಅರ್ಥವಾಗುವುದಿಲ್ಲ. ಅವನು ಹೋದ ಮೇಲೆ ಸಣ್ಣಕ್ಕ ಮೆಲ್ಲಗೆ ಹೇಳುತ್ತಾರೆ, "ಒಂದು ಮಾತು ಕೇಳಿದ್ರೆ ನಾನೇ ಕೊಡ್ತಿದ್ನಲ್ಲಕ್ಕ."

"ಕೇಳಿ ಇಸ್ಕೊಳ್ಳೋ ಹಾಗಿದ್ರೆ ನಸುಕಲ್ಲೆದ್ದು ಯಾಕೆ ಬರ್ತಿದ್ದೆ? ಸುಮ್ನೆ ಕೆಲಸ ನೋಡು."

ಸಣ್ಣಕ್ಕನಿಗೆ ನಗು ತಡೆಯಲಾಗುವುದಿಲ್ಲ. ದೊಡ್ಡಕ್ಕ ನಗುವುದಿಲ್ಲ. ಓರಗಿತ್ತಿ ಹಿಂದಿನ ಕೋಣೆಗೆ ಹೋದ ಮೇಲಷ್ಟೇ ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಾರೆ.

"ನಂದೇ ಅಂತ ಒಂದು ತಗೋಬೇಕು. ತುದಿ ಅವಳದ್ದಕ್ಕಿಂತ ಚೂಪಿರ್ಬೇಕು. ಅವಳೇ ಬಂದು, ಅಕ್ಕ, ಸ್ವಲ್ಪ ಕೊಡಿ ಅನ್ಬೇಕು. ಕೊಡಲ್ಲ ಅನ್ನೋಳಲ್ಲ ನಾನು. ಒಂದೆರಡು ಸಲ ಕೇಳಿಸ್ಕೊಂಡು ಕೊಡ್ತೀನಿ."