ಕ್ರಿಸ್‌ಮಸ್ ದಿನವೂ ಆರದ ಕುಲುಮೆ

ಯುರೋಪು ಅಂದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಅದಕ್ಕೆ ಕಾರಣ ಮೆಲ್ಬರ್ನಿನ ಒಬ್ಬ ಅಂಕಲ್.

ಓದಲು ಬಂದ ಹೊಸತರಲ್ಲಿ ಗ್ಲೆನ್ ವೇವರ್ಲಿಯ ಅವರ ಮನೆಯಲ್ಲಿ ಬಾಡಿಗೆಗಿದ್ದೆ. ಮಂಗಳೂರಿನ ಕ್ಯಾಥೊಲಿಕ್ ಕುಟುಂಬ. ಅಂಕಲ್ ಅಲ್ಯೂಮಿನಿಯಂ ಎರಕದ ಕಾರ್ಖಾನೆಯಲ್ಲಿ ಕುಲುಮೆ ನೋಡಿಕೊಳ್ಳುತ್ತಿದ್ದರು. ತಣ್ಣಗಾದರೆ ಒಳಗಿನ ಇಟ್ಟಿಗೆ ಬಿರುಕು ಬಿಡುತ್ತದೆಂದು ರಜೆಯಲ್ಲೂ ಅದರ ಗ್ಯಾಸ್ ಉರಿಯುತ್ತಲೇ ಇರಬೇಕು. ಕ್ರಿಸ್‌ಮಸ್ ದಿನ ಚರ್ಚಿನಿಂದ ಬಂದವರೇ ಕುಸ್ವಾರ್ ತಿಂಡಿಯ ತಟ್ಟೆಯಿಂದ ಒಂದು ನೆವ್ರಿ ಬಾಯಿಗೆ ಹಾಕಿಕೊಂಡು ಕಾರಿನ ಕೀ ಎತ್ತಿಕೊಳ್ಳುತ್ತಿದ್ದರು.

"ಊಟಕ್ಕೆ ಕೂತ್ಕೊಳ್ಳಿ, ಅದೆಂತ ಓಡಿ ಹೋಗ್ತದಾ?" ನನಗೂ ತಿಳಿಯಲೆಂದು ಆಂಟಿ ಕೊಂಕಣಿ ಬಿಟ್ಟು ಕನ್ನಡದಲ್ಲೇ ರೇಗುತ್ತಿದ್ದರು.

"ಅದಕ್ಕೂ ಹಬ್ಬ ಉಂಟಲ್ಲ ಮಾರಾಯ್ತಿ. ಒಮ್ಮೆ ನೋಡಿ ಬರ್ತೇನೆ."

ಓದು ಮುಗಿದ ಮೇಲೆ ನಾನು ಸಿಡ್ನಿಯ ಚಾಟ್ಸ್‌ವುಡ್ಡಿನಲ್ಲಿ ಕೂತು ಅದೇ ಕಾರ್ಖಾನೆಯ ಬಿಡಿಭಾಗಗಳನ್ನು ಯುರೋಪಿಗೆ ಮಾರತೊಡಗಿದೆ. ಅಲ್ಲಿ ಕಾನೂನು ಬದಲಾಯಿತು. ಮಾಲಿನ ಹಿಂದೆ ಎಷ್ಟು ಹೊಗೆ ಎದ್ದಿದೆಯೋ ಅಷ್ಟಕ್ಕೆ ಗಡಿಯಲ್ಲಿ ತೆರಿಗೆ. ಭೂಮಿ ಉಳಿಯಬೇಕು ಅನ್ನುವುದೂ ಅದೇ ಬಾಯಿ, ಹೊರಗಿನ ಅಗ್ಗದ ಮಾಲಿನೆದುರು ತಮ್ಮ ಕಾರ್ಖಾನೆಗಳು ಉಳಿಯಬೇಕು ಅನ್ನುವುದೂ ಅದೇ ಬಾಯಿ. ತಲೆಮಾರುಗಟ್ಟಲೆ ಕಲ್ಲಿದ್ದಲು ಸುಟ್ಟವರು! ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಹಾಗಂತ ಅವರದು ಪೂರ್ತಿ ತಪ್ಪೆನ್ನಲೂ ನನಗೆ ಬಾಯಿ ಬಾರದು. ಕಾಡ್ಗಿಚ್ಚಿನ ಹೊಗೆ ಕವಿದಾಗ ಉಸಿರಾಡಲಾರದ ಮಗಳ ಬಾಯಿಗೆ ಆಸ್ತಮಾದ ಪಫರ್ ಹಿಡಿದು ಕೂತವಳು ನಾನು.

ಅಲ್ಲಿನ ಖರೀದಿದಾರರು ವಿಡಿಯೋದಲ್ಲಿ ಕುಲುಮೆ ನೋಡಬೇಕೆಂದರು. ಅವರಿಗೆ ಒಪ್ಪಿಗೆಯಾದರೆ ಆರ್ಡರ್ ಉಳಿಯುತ್ತದೆ, ಇಲ್ಲವಾದರೆ ಕುಲುಮೆ ಮುಚ್ಚುತ್ತದೆ. ಅಂಕಲ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅದರ ಪಕ್ಕ ನಿಂತಿದ್ದರು. ಕೆಲಸವಿಲ್ಲದ ದಿನಗಳಲ್ಲಿ ಕುಲುಮೆಯನ್ನು ಏನು ಮಾಡುತ್ತೀರಿ ಎಂದು ಅತ್ತಲಿನ ಹೆಂಗಸು ಕೇಳಿದಳು. ತಾನು ಕೆಲಸಕ್ಕೆ ಸೇರಿದಾಗಿನಿಂದ ಒಂದು ದಿನವೂ ಆರಲು ಬಿಟ್ಟಿಲ್ಲ, ಕ್ರಿಸ್‌ಮಸ್ಸಿಗೂ, ಎಂದು ಅಂಕಲ್ ಎದೆಯುಬ್ಬಿಸಿ ಇಂಗ್ಲಿಷಿನಲ್ಲಿ ಹೇಳಿದರು. ಅಯ್ಯೋ ದೇವರೇ, ಅದೊಂದನ್ನು ಹೇಳಬಾರದಿತ್ತು! ಕೆಲಸವಿಲ್ಲದೆ ಉರಿದ ಗ್ಯಾಸೂ ಹೊಗೆಯ ಲೆಕ್ಕಕ್ಕೇ ಸೇರುತ್ತದೆ. ಆಕೆ ಮುಗುಳ್ನಕ್ಕು ಏನೋ ಬರೆದುಕೊಂಡಳು.

ಆಮೇಲೆ ಅಂಕಲ್ ಫೋನ್ ಮಾಡಿದರು. "ಚಂದ ಹೇಳಿದೆ ಅಲ್ವಾ?"

"ತುಂಬಾ ಚೆನ್ನಾಗ್ ಹೇಳಿದ್ರಿ ಅಂಕಲ್," ಅಂದೆ.

ಆರ್ಡರ್ ಯುರೋಪಿನದೇ ಒಂದು ಕಾರ್ಖಾನೆಗೆ ಹೋಯಿತು. ಅಲ್ಲಿನ ಕುಲುಮೆ ಕರೆಂಟಿನದು, ಬೇಡದಾಗ ಆರಿಸಬಹುದಂತೆ. ಇಲ್ಲಿಯದನ್ನು ಚಳಿ ಮುಗಿಯುವ ಮುಂಚೆಯೇ ಆರಿಸಿದರು. ಕೊನೆಯ ವಾಲ್ವ್ ತಿರುಗಿಸಿದವರು ಅಂಕಲ್.

ಹೋದ ಕ್ರಿಸ್‌ಮಸ್ಸಿಗೆ ಮೆಲ್ಬರ್ನಿಗೆ ಹೋಗಿದ್ದೆ. ಚರ್ಚಿನಿಂದ ಬಂದ ಅಂಕಲ್ ಒಂದು ನೆವ್ರಿ ಬಾಯಿಗೆ ಹಾಕಿಕೊಂಡರು. ಕೈ ಅಭ್ಯಾಸಬಲದಿಂದ ಕೀ ಎತ್ತಿಕೊಂಡಿತು. ಹಾಗೇ ನಿಂತುಬಿಟ್ಟರು. ನನಗೆ ಅವರ ಮುಖ ನೋಡಲಾಗಲಿಲ್ಲ.

ಆಂಟಿ ಈ ಸಲ ರೇಗಲಿಲ್ಲ. "ಹೋಗಿ, ಒಮ್ಮೆ ನೋಡಿ ಬನ್ನಿ," ಎಂದರು. "ನಾವು ಊಟಕ್ಕೆ ಕಾಯ್ತೇವೆ."