ಲಾರಿ ಚಕ್ರಗಳಿಗೆ ಹೊಸ ಬಣ್ಣ ತಂದ ಕರಿಯಮ್ಮ

ಭದ್ರಾವತಿಯ ಹೊಳೆಹೊನ್ನೂರು ರಸ್ತೆ ಬದಿಯ ಒಂದು ಮನೆಯಂಗಳ. ಬೆಳಕು ಈಗಷ್ಟೇ ಹರಿಯುತ್ತಿದೆ. ನಿಂತ ಲಾರಿಯ ಹಿಂದಿನ ಚಕ್ರದೆದುರು ಮಣೆ ಹಾಕಿ ಕೂತ ಕರಿಯಮ್ಮ, ಟೈರಿಗೂ ಕಬ್ಬಿಣದ ರಿಮ್ಮಿಗೂ ನಡುವೆ ಹಳೆಯ ಲಗ್ನಪತ್ರಿಕೆಗಳನ್ನು ಒಂದೊಂದಾಗಿ ಸಿಕ್ಕಿಸುತ್ತಿದ್ದಾರೆ. ಬಣ್ಣ ಟೈರಿಗೆ ತಾಗದಿರಲು ಅವರೇ ಕಂಡುಕೊಂಡ ಉಪಾಯ ಇದು.

"ಟೇಪ್ ಯಾಕೆ ಕೊಂಡ್ಕೋಬೇಕು ಹೇಳಿ? ಬೀದಿಯವ್ರೆಲ್ಲ ಪತ್ರಿಕೆ ತಂದುಕೊಡ್ತಾರೆ. ನಮ್ಮನ್ನ ಮದುವೆಗೆ ಕರೀದೇ ಇದ್ದೋರದ್ದೂ ಬರ್ತದೆ" ಎಂದು ನಗುತ್ತಾರೆ.

ಐವತ್ತೆರಡರ ಕರಿಯಮ್ಮ ಚಕ್ರಕ್ಕೆ ಬಣ್ಣ ಬಳಿಯುವ ಈ ಕೆಲಸವನ್ನು ಯಾರಿಂದಲೂ ಕಲಿತವರಲ್ಲ. ನಾಲ್ಕು ವರ್ಷದ ಹಿಂದೆ ಪತಿ ಮೂರ್ತಪ್ಪ ಅಕ್ಕಿ ಮೂಟೆ ಇಳಿಸುವಾಗ ಬಿದ್ದು ಕಾಲು ಮುರಿದುಕೊಂಡರು. ಅವರ ಸ್ವಂತ ಲಾರಿ ಒಂಬತ್ತು ತಿಂಗಳು ಅಂಗಳದಲ್ಲೇ ನಿಂತಿತು. ಕೊನೆಗೆ ಮಾರುವುದೆಂದಾಯಿತು. ನೋಡಲು ಬಂದವನು ತುಕ್ಕು ಹಿಡಿದ ಚಕ್ರಕ್ಕೊಂದು ಒದೆ ಕೊಟ್ಟು, "ಗುಜರಿಗೆ ಹಾಕಿ" ಎಂದು ಹೊರಟುಹೋದ.

"ಅವತ್ತು ಇವ್ರು ಊಟ ಮಾಡ್ಲಿಲ್ಲ. ನಂಗೆ ಸಿಟ್ಟು ಬಂತು. ಪಾತ್ರೆ ತಿಕ್ಕೋ ತಂತಿ ಉಂಡೆ ತಗೊಂಡು ಚಕ್ರದ ಮುಂದೆ ಕೂತೆ."

ಮೂರು ದಿನ ತುಕ್ಕು ಉಜ್ಜಿದರು. ಸೋಪಿನ ನೀರಲ್ಲಿ ತೊಳೆದು, ಒಣಗಿಸಿ, ತುಕ್ಕು ತಡೆಯುವ ಕೆಂಪು ಪ್ರೈಮರ್ ಹಚ್ಚಿದರು. ಅದರ ಮೇಲೆ, ಮನೆ ಗೇಟಿಗೆ ಬಳಿದು ಉಳಿದಿದ್ದ ಹಸಿರು ಬಣ್ಣ. ಮೂರ್ತಪ್ಪ ಊರುಗೋಲು ಹಿಡಿದು ಹೊರಬಂದು ಲಾರಿಗೆ ಎರಡು ಸುತ್ತು ಬಂದರು. "ಮಾರೋದು ಬೇಡ ಕಣೆ" ಎಂದರು. ಕಾಲು ಪೂರ್ತಿ ಕೂಡಿಕೊಂಡ ಮೇಲೆ ಅದೇ ಲಾರಿಯಲ್ಲಿ ಶಿವಮೊಗ್ಗಕ್ಕೆ ಅಕ್ಕಿ ಸಾಗಿಸಲು ಹೊರಟರು.

ಅಲ್ಲಿ ಆ ಚಕ್ರಗಳನ್ನು ನೋಡಿದ ಚಾಲಕ ಶಶಿಧರ್ ಮರುದಿನವೇ ತಮ್ಮ ಲಾರಿ ತಂದು ಈ ಅಂಗಳದಲ್ಲಿ ನಿಲ್ಲಿಸಿದರು. ಈಗ ವಾರಕ್ಕೆ ಮೂರು ಲಾರಿ ಬರುತ್ತವೆ. ಒಂದೊಂದಕ್ಕೆ ಆರು ಚಕ್ರ, ಚಾಲಕರು ಕೇಳಿದ ಬಣ್ಣ ಒಂದು ಲೀಟರ್, ಎರಡು ದಿನ.

ಇವತ್ತು ನಿಂತಿರುವುದೂ ಶಶಿಧರ್ ಅವರದೇ ಲಾರಿ. "ಅಕ್ಕ, ನಟ್ಟುಗಳಿಗೂ ಬಳಿದ್ಬಿಡಿ, ಚೆಂದ ಕಾಣ್ತದೆ" ಎನ್ನುತ್ತಾರೆ ಅವರು. ಕರಿಯಮ್ಮ ಒಪ್ಪುವುದಿಲ್ಲ.

"ಬಳಿದ್ರೆ ನಟ್ಟು ಸಡಿಲ ಆಗಿದ್ದು ಗೊತ್ತಾಗಲ್ಲ ಮಾರಾಯ. ಚೆಂದ ಆಮೇಲೆ, ನೀನು ಮನೆ ಸೇರೋದು ಮೊದ್ಲು."

ಮೊನ್ನೆ ಶಿವಮೊಗ್ಗದ ಬಸ್ಸಿನಲ್ಲಿ ಹೋಗುವಾಗ, ಹಳದಿ ಚಕ್ರದ ಲಾರಿಯೊಂದು ಕಿಟಕಿಯ ಪಕ್ಕದಲ್ಲೇ ಹಾದುಹೋಯಿತಂತೆ. 'ಅದು ನಂದು' ಎಂದು ತಮಗೇ ತಿಳಿಯದೆ ಜೋರಾಗಿ ಅಂದುಬಿಟ್ಟರಂತೆ ಕರಿಯಮ್ಮ. ಪಕ್ಕದಲ್ಲಿ ಕೂತಿದ್ದ ಹೆಂಗಸು ಲಾರಿ ನಿಮ್ಮದಾ ಎಂದು ಕೇಳಿದರಂತೆ.

"ಲಾರಿ ಯಾರದ್ದೋ ಗೊತ್ತಿಲ್ಲಮ್ಮ, ಚಕ್ರ ನಂದು ಅಂದೆ" ಎನ್ನುತ್ತಾ ಕರಿಯಮ್ಮ ಕುಂಚವನ್ನು ಬಣ್ಣದಲ್ಲಿ ಅದ್ದುತ್ತಾರೆ.